ಹೊಸದಾಗಿ ಬಂದವರ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. 2024ರ ಜುಲೈ 30ರ ವಯನಾಡು ಭೂಕುಸಿತದಲ್ಲಿ ಬದುಕುಳಿದ ಕುಟುಂಬವೊಂದು ಕೋಲಾರಕ್ಕೆ, ನಮ್ಮ ಬೀದಿಗೇ ಬಾಡಿಗೆಗೆ ಬಂದಿದೆ. "ಆವತ್ತು ಏನಾಯ್ತು?" ಅಂತ ಕೆದಕಬೇಡಿ. ಅವರಾಗಿಯೇ ಹೇಳಿದರೆ ಸುಮ್ನೆ ಕೇಳಿಸಿಕೊಳ್ಳಿ. "ನೀವು ಬದುಕಿದ್ದೀರಲ್ಲ, ಅದೇ ಪುಣ್ಯ" ಅನ್ನೋದಂತೂ ಬೇಡವೇ ಬೇಡ. ಹೋದವರು ಅವರ ಮನೆಯವರೇ ಅಲ್ವಾ? ಮಳೆ ಬಂದ ರಾತ್ರಿ ಅವರ ಚಿಕ್ಕ ಮಗ ಚಪ್ಪಲಿ ಹಾಕಿಕೊಂಡೇ ಮಲಗುತ್ತಾನೆ. ನಿಮ್ಮ ಮಕ್ಕಳು ನಗದ ಹಾಗೆ ನೋಡಿಕೊಳ್ಳಿ.

ನಾಳೆ ಅವರನ್ನೂ ಈ ಗುಂಪಿಗೆ ಸೇರಿಸುತ್ತೇನೆ. ಗುಡ್ಡ ಕುಸಿಯುವ ವಿಡಿಯೊ ಯಾರೂ ಫಾರ್ವರ್ಡ್ ಮಾಡಬೇಡಿ.

ನಿದ್ದೆಯಿಲ್ಲ, ಊಟ ಸೇರಲ್ಲ ಅಂತ ಹೇಳಿಕೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಕೊಡಿ. 24 ಗಂಟೆಯೂ ಉಚಿತ, ಕನ್ನಡ, ಮಲಯಾಳಂ ಎರಡೂ ಇದೆ.

ಇವತ್ತು ರಾತ್ರಿ ಊಟ ನಮ್ಮ ಮನೆಯಿಂದ. ನಾಳೆಗೆ ಯಾರು?