ರೋಗಿಗಳ ದಾಖಲೆ ಇನ್ನು ಮುಂದೆ ಕ್ಲೌಡ್‌ನಲ್ಲಿ: ನಮ್ಮ ಕ್ಲಿನಿಕ್ ಗ್ರಾಹಕರಿಗೊಂದು ಪತ್ರ

ಶಿವಮೊಗ್ಗ

ಮಾನ್ಯ ವೈದ್ಯರಿಗೆ ಮತ್ತು ಕ್ಲಿನಿಕ್‌ನ ಸಿಬ್ಬಂದಿಗೆ ನಮಸ್ಕಾರಗಳು.

ಯುಗಾದಿ ಕಳೆದ ಮೇಲೆ, ನಿಮ್ಮಂಥ ಕ್ಲಿನಿಕ್‌ಗಳಿಗೆ ನಾವು ಕೊಡುವ ತಂತ್ರಾಂಶದ ಹಳೆಯ ಆವೃತ್ತಿಯನ್ನು, ಅಂದರೆ ನಿಮ್ಮ ರಿಸೆಪ್ಷನ್ ಕಂಪ್ಯೂಟರಿನಲ್ಲೇ ರೋಗಿಗಳ ದಾಖಲೆ ಇಟ್ಟುಕೊಳ್ಳುವ ಆವೃತ್ತಿಯನ್ನು, ನಿಲ್ಲಿಸುತ್ತಿದ್ದೇವೆ. ಇನ್ನು ಮೇಲೆ ದಾಖಲೆಗಳು ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ತೆರೆಯುವ ಮುಂಬೈನ ದತ್ತಾಂಶ ಕೇಂದ್ರದಲ್ಲಿರುತ್ತವೆ, ಅವುಗಳ ಇನ್ನೊಂದು ಪ್ರತಿ ಹೈದರಾಬಾದಿನಲ್ಲಿರುತ್ತದೆ. ಎರಡೂ ಭಾರತದೊಳಗೇ. ಈ ಸುದ್ದಿ ಹೇಳಿದಾಗ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ಹಲವು ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: ನಮ್ಮನ್ನು ನಂಬಿ ಬಂದವರ ಕಾಯಿಲೆಯ ವಿಷಯವನ್ನು ಕಣ್ಣಿಗೆ ಕಾಣದ ಎಲ್ಲೋ ಒಂದು ಯಂತ್ರಕ್ಕೆ ಯಾಕೆ ಕಳಿಸಬೇಕು? ಕೇಳಲೇಬೇಕಾದ ಪ್ರಶ್ನೆ ಅದು. ಅದಕ್ಕೆ ಉತ್ತರವಾಗಿ ಈ ಪತ್ರ.

ಮೊದಲು ಈಗಿನ ಸ್ಥಿತಿ ನೋಡೋಣ. ಹೆಚ್ಚಿನ ಕ್ಲಿನಿಕ್‌ಗಳಲ್ಲಿ ಬಿಲ್ ಹಾಕುವ, ಟೋಕನ್ ಕೊಡುವ, ಮೇಲ್ ತೆರೆಯುವ ಕಂಪ್ಯೂಟರೇ ದಾಖಲೆಗಳನ್ನೆಲ್ಲ ಇಟ್ಟುಕೊಳ್ಳುವ ಸರ್ವರ್ ಕೂಡ ಆಗಿದೆ. ಬ್ಯಾಕಪ್ ಎಂದರೆ ಅದಕ್ಕೇ ಸದಾ ಚುಚ್ಚಿಟ್ಟಿರುವ ಒಂದು ಹಾರ್ಡ್‌ಡಿಸ್ಕ್. ಮಲೆನಾಡಿನ ಮಳೆಗಾಲದಲ್ಲಿ ಸಿಡಿಲು, ವೋಲ್ಟೇಜ್ ಏರಿಳಿತ ಎರಡನ್ನೂ ಒಟ್ಟಿಗೇ ಸುಟ್ಟುಹಾಕಬಲ್ಲವು. ಕಳ್ಳ ಬಂದರೂ ಎರಡೂ ಒಟ್ಟಿಗೇ ಹೋಗುತ್ತವೆ. ಇನ್ನು ರಾನ್ಸಮ್‌ವೇರ್ ಬಂದರೆ, ಅಂದರೆ ಫೈಲುಗಳಿಗೆಲ್ಲ ಬೀಗ ಜಡಿದು ದುಡ್ಡು ಕೇಳುವ ದುಷ್ಟ ತಂತ್ರಾಂಶ ಹೊಕ್ಕರೆ, ಕಂಪ್ಯೂಟರಿಗೆ ಜೋಡಿಸಿಟ್ಟ ಆ ಹಾರ್ಡ್‌ಡಿಸ್ಕನ್ನೂ ಅದು ಬಿಡುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೂ ಅದರ ಮೇಲೆ, ಕೆಲವೆಡೆ ಇನ್ನೂ ಹಳೆಯ ವಿಂಡೋಸ್ 7ರ ಮೇಲೆ, ರೋಗಿಗಳ ದಾಖಲೆ ಕೂತಿದೆ.

ದೊಡ್ಡ ಆಸ್ಪತ್ರೆಗಳಿಗೇ ಏನಾಯಿತು ಎಂಬುದು ನಿಮಗೆ ನೆನಪಿರಬಹುದು. ದಿಲ್ಲಿಯ ಏಮ್ಸ್‌ನಲ್ಲಿ 2022ರ ನವೆಂಬರ್ 23ರಂದು ಇಂಥ ದಾಳಿ ನಡೆದು ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ಬೀಗ ಬಿತ್ತು. ಓಪಿಡಿ ನೋಂದಣಿಯಿಂದ ಹಿಡಿದು ಲ್ಯಾಬ್ ವರದಿಯವರೆಗೆ ಎಲ್ಲವನ್ನೂ ದಿನಗಟ್ಟಲೆ ಕೈಬರಹದಲ್ಲಿ ನಡೆಸಬೇಕಾಯಿತು. ಅದರಲ್ಲಿ ನಾವು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ದಾಳಿ ಮುಟ್ಟದ ಒಂದು ಬ್ಯಾಕಪ್ ಸರ್ವರ್ ಉಳಿದಿತ್ತು, ಅಲ್ಲಿನ ರೋಗಿ ನೋಂದಣಿ ತಂತ್ರಾಂಶವಾದ ಇ-ಹಾಸ್ಪಿಟಲ್‌ನ ದತ್ತಾಂಶ ಮರಳಿ ಸಿಕ್ಕಿದ್ದು ಅದರಿಂದ. ಒಳಗಿನ ಜಾಲವನ್ನು ಸರಿಯಾಗಿ ಬೇರ್ಪಡಿಸಿರಲಿಲ್ಲ ಎಂದು ಸರ್ಕಾರವೇ ಸಂಸತ್ತಿಗೆ ಕಾರಣ ಕೊಟ್ಟಿತು. ಬೇರೆ ಜಾಗದಲ್ಲಿರುವ, ಬೇರೆ ಕೀಲಿಯ, ಯಾರೂ ತಿದ್ದಲಾಗದ ಒಂದು ಪ್ರತಿ ಇದ್ದರೆ ಬದುಕಿಕೊಳ್ಳುತ್ತೇವೆ, ಇಲ್ಲದಿದ್ದರೆ ಇಲ್ಲ. ಒಂದು ಸಣ್ಣ ಕ್ಲಿನಿಕ್ ಅಂಥ ವ್ಯವಸ್ಥೆಯನ್ನು ತನ್ನ ಕೋಣೆಯೊಳಗೆ ಕಟ್ಟಿಕೊಂಡು ದಿನವೂ ಕಾಯುವುದು ಆಗದ ಮಾತು. ಕ್ಲೌಡ್‌ಗೆ ಹೋಗಲು ನಮಗೆ ಕಂಡ ಬಲವಾದ ಕಾರಣ ಇದೇ.

ಹೊಸ ವ್ಯವಸ್ಥೆಯಲ್ಲಿ ಪ್ರತಿ ರಾತ್ರಿ ತೆಗೆದ ಬ್ಯಾಕಪ್ಪನ್ನು ನಿಗದಿತ ಅವಧಿ ಮುಗಿಯುವವರೆಗೆ ಯಾರೂ ಅಳಿಸಲಾಗುವುದಿಲ್ಲ, ನಾವೂ ಸಹ. ನಿಮ್ಮ ಕಂಪ್ಯೂಟರಿನಿಂದ ಹೊರಡುವಾಗಲೂ, ಅಲ್ಲಿ ಹೋಗಿ ಕೂತಮೇಲೂ ದಾಖಲೆ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ. ಕೀಲಿ ಇಲ್ಲದವರ ಕೈಗೆ ಸಿಕ್ಕರೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ ಅಷ್ಟೇ. ಸರ್ವರಿನ ಭದ್ರತಾ ಅಪ್‌ಡೇಟ್ ನಮ್ಮ ಜವಾಬ್ದಾರಿ. ಏನಾದರೂ ದೋಷ ಸರಿಪಡಿಸಲು ನಮ್ಮ ಎಂಜಿನಿಯರ್ ನಿಮ್ಮ ದಾಖಲೆ ತೆರೆಯಬೇಕಾದರೆ ನಿಮ್ಮ ಪರದೆಯಲ್ಲಿ ಅನುಮತಿ ಕೇಳುತ್ತದೆ, ತೆರೆದದ್ದು ಯಾರು, ಎಷ್ಟು ಹೊತ್ತಿಗೆ ಎಂಬುದು ನಿಮಗೆ ಕಾಣುವ ಪಟ್ಟಿಯಲ್ಲಿ ದಾಖಲಾಗುತ್ತದೆ. ಹೆಸರು ತೆಗೆದುಹಾಕಿದ ಮಾಹಿತಿಯನ್ನೂ ಸಹ ಔಷಧ ಕಂಪನಿಗಳಿಗಾಗಲಿ ವಿಮಾ ಕಂಪನಿಗಳಿಗಾಗಲಿ ನಾವು ಮಾರುವುದಿಲ್ಲ. ಈ ಮಾತನ್ನು ಒಪ್ಪಂದದಲ್ಲೇ ಬರೆದಿದ್ದೇವೆ.

ಇಷ್ಟೆಲ್ಲ ಮಾಡಿದರೂ ಮುಂಬೈಯ ಸರ್ವರಿಗೆ ಕಾಯಲಾಗದ ಒಂದು ವಿಷಯವಿದೆ. ಅದು ನಿಮ್ಮ ಕೌಂಟರ್. ದಯವಿಟ್ಟು ಈ ಭಾಗವನ್ನು ನಿಮ್ಮ ಸಿಬ್ಬಂದಿಯೊಡನೆ ಕೂತು ಓದಿ.

ಬಹಳ ಕಡೆ ಡಾಕ್ಟರ ಪಾಸ್‌ವರ್ಡ್ ಒಂದೇ ಇರುತ್ತದೆ, ರಿಸೆಪ್ಷನಿಸ್ಟ್, ನರ್ಸ್, ಕಾಂಪೌಂಡರ್ ಎಲ್ಲರೂ ಅದರಲ್ಲೇ ಒಳಗೆ ಹೋಗುತ್ತಾರೆ. ಕೆಲಸ ಬಿಟ್ಟು ಹೋದವರಿಗೂ ಅದು ಗೊತ್ತಿರುತ್ತದೆ. ದಾಖಲೆ ಕಂಪ್ಯೂಟರಿನೊಳಗೆ ಇದ್ದಾಗ ಕ್ಲಿನಿಕ್‌ನ ಬಾಗಿಲಿಗೆ ಬೀಗ ಹಾಕಿದರೆ ಸಾಕಿತ್ತು. ಕ್ಲೌಡ್‌ನಲ್ಲಿ ಪಾಸ್‌ವರ್ಡ್ ಗೊತ್ತಿದ್ದವರು ಎಲ್ಲಿಂದ ಬೇಕಾದರೂ ತೆರೆಯಬಹುದು. ಆಸ್ಪತ್ರೆ, ಔಷಧದಂಗಡಿಗಳ ಬಿಲ್ಲಿಂಗ್ ನೋಡಿಕೊಳ್ಳುವ ಅಮೆರಿಕದ ಚೇಂಜ್ ಹೆಲ್ತ್‌ಕೇರ್ ಕಂಪನಿಗೆ 2024ರ ಫೆಬ್ರುವರಿಯಲ್ಲಿ ಆದದ್ದು ಹೀಗೆಯೇ. ಕದ್ದ ಪಾಸ್‌ವರ್ಡಿನಿಂದ ಒಳಹೊಕ್ಕರು, ಆ ಬಾಗಿಲಿಗೆ ಎರಡನೇ ಹಂತದ ಪರಿಶೀಲನೆಯೇ ಇರಲಿಲ್ಲ. ಆ ದೇಶದ ಉದ್ದಗಲಕ್ಕೂ ಔಷಧದಂಗಡಿ, ಆಸ್ಪತ್ರೆಗಳ ಬಿಲ್ಲಿಂಗ್ ವಾರಗಟ್ಟಲೆ ಅಸ್ತವ್ಯಸ್ತವಾಯಿತು. ಹಾಗಾಗಿ ಹೊಸ ಆವೃತ್ತಿಯಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಕಡ್ಡಾಯ, ಜೊತೆಗೆ ಮೊಬೈಲಿನಲ್ಲಿ ಎರಡನೇ ಹಂತದ ಕೋಡ್. ದಿನಕ್ಕೊಮ್ಮೆ ಕೋಡ್ ಹಾಕುವುದು ಕಿರಿಕಿರಿ ಅನ್ನಿಸುತ್ತದೆ, ಗೊತ್ತು. ಇದನ್ನು ಆಫ್ ಮಾಡಿಕೊಡಿ ಎಂದು ಯಾರು ಕೇಳಿದರೂ ಮಾಡಿಕೊಡುವುದಿಲ್ಲ, ಅದಕ್ಕೆ ಕ್ಷಮೆ ಇರಲಿ.

ಯಾರಿಗೆ ಏನು ಕಾಣಬೇಕು ಎಂಬುದೂ ಬೇರೆಯಾಗುತ್ತದೆ. ರಿಸೆಪ್ಷನ್‌ಗೆ ಹೆಸರು, ಫೋನು, ಅಪಾಯಿಂಟ್‌ಮೆಂಟ್, ಬಿಲ್. ಕಾಯಿಲೆ ಏನು, ಡಾಕ್ಟರು ಏನು ಬರೆದುಕೊಂಡರು ಎಂಬುದು ಅಲ್ಲಿ ತೆರೆಯುವುದಿಲ್ಲ. ನಮ್ಮ ಊರುಗಳಲ್ಲಿ ಇದು ಎಷ್ಟು ಮುಖ್ಯ ಎಂದು ನಿಮಗೆ ನಾವು ಹೇಳಬೇಕಿಲ್ಲ. ಕೌಂಟರಿನಲ್ಲಿ ಕೂತ ಹುಡುಗಿ ರೋಗಿಯ ನೆಂಟರವಳೋ ಪಕ್ಕದ ಮನೆಯವಳೋ ಆಗಿರುತ್ತಾಳೆ. ಅವಳು ಕೆಟ್ಟವಳೆಂದಲ್ಲ. ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯ ಹುಡುಗಿ ಮಾನಸಿಕ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ ಎಂಬುದು ಕೌಂಟರಿನವಳಿಗೆ ಗೊತ್ತಾಗಬೇಕಾದ ಅಗತ್ಯವೇ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಅದೇ ವರ್ಷದ ಎಚ್‌ಐವಿ ಕಾಯ್ದೆ ಎರಡೂ ಈ ಗೌಪ್ಯತೆಯನ್ನು ರೋಗಿಯ ಹಕ್ಕು ಎಂದೇ ಹೇಳುತ್ತವೆ. ಫಿನ್ಲೆಂಡಿನ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ದಾಖಲೆ ಸೋರಿದಾಗ, 2020ರಲ್ಲಿ, ಕಳ್ಳರು ಸಂಸ್ಥೆಯನ್ನು ಬೆದರಿಸಿದ್ದಲ್ಲದೆ ರೋಗಿಗಳಿಗೇ ಒಬ್ಬೊಬ್ಬರಾಗಿ ಮೇಲ್ ಕಳಿಸಿ ದುಡ್ಡು ಕೇಳಿದರು. ಸುಟ್ಟ ಕಂಪ್ಯೂಟರ್ ಬದಲಿಸಬಹುದು, ಬಯಲಾದ ಗುಟ್ಟನ್ನು ಮತ್ತೆ ಮುಚ್ಚಲು ಯಾವ ಬ್ಯಾಕಪ್ಪೂ ನೆರವಾಗುವುದಿಲ್ಲ.

ವರದಿಗಳನ್ನು ಸ್ಟಾಫ್ ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸವನ್ನೂ ಬಿಡಬೇಕೆಂದು ಕೋರುತ್ತೇವೆ. ರೋಗಿಗೆ ವರದಿ ಕಳಿಸಲು ತಂತ್ರಾಂಶದಲ್ಲೇ ಕೊಂಡಿ ಸಿಗುತ್ತದೆ, ಅವರ ಮೊಬೈಲಿಗೆ ಬರುವ ಓಟಿಪಿಯಿಂದ ಮಾತ್ರ ತೆರೆಯುತ್ತದೆ.

ಕಾನೂನಿನ ವಿಷಯವಾಗಿ ಎರಡು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ರೋಗಿಯ ಮಾಹಿತಿಗೆ ಕಾನೂನಿನ ಕಣ್ಣಲ್ಲಿ ಮೊದಲ ಹೊಣೆ ಕ್ಲಿನಿಕ್‌ನದು, ನಾವು ನಿಮ್ಮ ಪರವಾಗಿ ಅದನ್ನು ಸಂಸ್ಕರಿಸುವವರು. ಸೂಕ್ತ ಭದ್ರತೆ ಇಡದಿದ್ದರೆ ದಂಡ ₹250 ಕೋಟಿವರೆಗೂ ಹೋಗಬಹುದು. ದಾಖಲೆ ಸೋರಿದ್ದು ಗೊತ್ತಾದರೆ ಆ ರೋಗಿಗಳಿಗೂ ಈ ಕಾಯ್ದೆಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಬೇಕು, ಮಂಡಳಿಗೆ ವಿವರವಾದ ವರದಿ 72 ಗಂಟೆಯೊಳಗೆ. ಸೈಬರ್ ದಾಳಿಯನ್ನು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ 6 ಗಂಟೆಯೊಳಗೆ ವರದಿ ಮಾಡಬೇಕೆಂಬ 2022ರ ನಿರ್ದೇಶನವಂತೂ ಈಗಾಗಲೇ ಇದೆ. ಆದ್ದರಿಂದ ಅನುಮಾನ ಬಂದ ಕೂಡಲೇ, ಅದು ನಡುರಾತ್ರಿಯಾದರೂ, ನಮಗೆ ಫೋನ್ ಮಾಡಿ. ಪರದೆ ವಿಚಿತ್ರವಾಗಿ ಕಂಡರೆ ಇಂಟರ್ನೆಟ್ ತಂತಿ ಮೊದಲು ಕೀಳಿ, ಕಂಪ್ಯೂಟರ್ ಆಫ್ ಮಾಡಬೇಡಿ.

ಹಳೆಯ ಕೇಸ್ ಪೇಪರುಗಳನ್ನು ಎಸೆಯಬೇಡಿ. ಚಿಕಿತ್ಸೆ ಶುರುವಾದಾಗಿನಿಂದ ಮೂರು ವರ್ಷ ದಾಖಲೆ ಇಟ್ಟುಕೊಂಡಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು ಎಂಬುದು ವೈದ್ಯರ ನಡತೆಯ 2002ರ ನಿಯಮಾವಳಿಯಲ್ಲಿದೆ. ಪೊಲೀಸ್ ಕೇಸಿಗೆ ಸಂಬಂಧಪಟ್ಟವನ್ನು ಅವಧಿ ಮುಗಿದರೂ ಜೋಪಾನ ಮಾಡಿ.

ನೆಟ್ ಹೋದರೆ? ಜೂನ್-ಜುಲೈನಲ್ಲಿ ಮರ ಬಿದ್ದು ಲೈನು ದಿನಗಟ್ಟಲೆ ಇರುವುದಿಲ್ಲ ಎಂಬುದು ಈ ನೆಲದಲ್ಲೇ ಇರುವ ನಮಗೂ ಗೊತ್ತು. ಆ ದಿನ ಅಪಾಯಿಂಟ್‌ಮೆಂಟ್ ಇರುವವರ ಮತ್ತು ಇತ್ತೀಚೆಗೆ ಬಂದುಹೋದವರ ದಾಖಲೆ ನಿಮ್ಮ ಕಂಪ್ಯೂಟರಿನಲ್ಲಿ ಎನ್‌ಕ್ರಿಪ್ಟ್ ಆಗಿ ಉಳಿದಿರುತ್ತದೆ. ಪ್ರಿಸ್ಕ್ರಿಪ್ಷನ್ ಬರೆಯಬಹುದು, ಪ್ರಿಂಟ್ ತೆಗೆಯಬಹುದು, ಬಿಲ್ ಹಾಕಬಹುದು. ಲೈನು ಬಂದ ಮೇಲೆ ಅದೆಲ್ಲ ತಾನಾಗಿ ಕ್ಲೌಡ್‌ಗೆ ಹೋಗುತ್ತದೆ. ಆದರೆ ಐದು ವರ್ಷದ ಹಿಂದಿನ ರೋಗಿ ಅಚಾನಕ್ ಬಂದರೆ ಅವರ ಹಳೆಯ ವಿವರ ಆಗ ಸಿಗುವುದಿಲ್ಲ. ಬೇರೆ ಕಂಪನಿಯ ಸಿಮ್ ಇರುವ ಒಂದು ಡಾಂಗಲ್ ಇಟ್ಟುಕೊಂಡರೆ ಒಳ್ಳೆಯದು. ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳು ಭಾರದ್ದಾದ್ದರಿಂದ ರಾತ್ರಿ ಹೊತ್ತು ಹೋಗುತ್ತವೆ.

ಒಮ್ಮೆ ಕೊಳ್ಳುವ ಹಣ ಮತ್ತು ವಾರ್ಷಿಕ ನಿರ್ವಹಣೆಯ ಬದಲು ಇನ್ನು ತಿಂಗಳ ಶುಲ್ಕ ಇರುತ್ತದೆ. ದರ ಬೇರೆ ಹಾಳೆಯಲ್ಲಿದೆ. ಒಬ್ಬರೇ ವೈದ್ಯರಿರುವ ಸಣ್ಣ ಕ್ಲಿನಿಕ್‌ಗೆ ಇದು ಮೊದಲಿಗಿಂತ ಹೆಚ್ಚು ಬೀಳಬಹುದು. ಬೇಡವೆನ್ನಿಸಿದರೆ, ಈಗಲೇ ಆಗಲಿ ಮುಂದೆ ಯಾವಾಗಲೇ ಆಗಲಿ, ನಿಮ್ಮ ಅಷ್ಟೂ ದಾಖಲೆಯನ್ನು ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ ಕೊಟ್ಟು, ನಮ್ಮ ಬಳಿಯ ಪ್ರತಿಗಳನ್ನು ಅವುಗಳ ಅವಧಿ ಮುಗಿದಂತೆ ಅಳಿಸಿ, ಅಳಿಸಿದ್ದಕ್ಕೆ ಪತ್ರ ಕೊಡುತ್ತೇವೆ. ಅದಕ್ಕೆ ಶುಲ್ಕವಿಲ್ಲ. ಬಾಕಿ ಇದೆ ಎಂದು ರೋಗಿಗಳ ದಾಖಲೆಯನ್ನು ತಡೆಹಿಡಿಯುವ ಪ್ರಶ್ನೆಯೇ ಇಲ್ಲ.

ನಮ್ಮ ಹುಡುಗರು ನಿಮ್ಮಲ್ಲಿಗೆ ಬರುವ ಮೊದಲು ಸಿಬ್ಬಂದಿಯ ಹೆಸರು, ಮೊಬೈಲ್ ಸಂಖ್ಯೆ, ಯಾರು ಯಾವ ಕೆಲಸ ಎಂಬ ಪಟ್ಟಿ ಬರೆದಿಟ್ಟಿರಿ. ಭಾನುವಾರ ಮಧ್ಯಾಹ್ನವಾದರೆ ಓಪಿಡಿಗೆ ತೊಂದರೆಯಾಗದು. ದಾಖಲೆ ಸರಿಯಾಗಿ ಬಂದಿದೆಯೇ ಎಂದು ನೀವೇ ನಿಮಗೆ ಗೊತ್ತಿರುವ ಕೆಲವು ಹಳೆಯ ರೋಗಿಗಳ ಕಡತ ತೆರೆದು ನೋಡಿ ಸಹಿ ಹಾಕಿದ ಮೇಲೆಯೇ ಹಳೆಯ ಡಿಸ್ಕ್ ಅಳಿಸುತ್ತೇವೆ. ಅಲ್ಲಿಯವರೆಗೆ ಆ ಕಂಪ್ಯೂಟರನ್ನು ಗುಜರಿಗಾಗಲಿ ಎಕ್ಸ್‌ಚೇಂಜಿಗಾಗಲಿ ಕೊಡಬೇಡಿ.

ಒಪ್ಪಂದದ ಕರಡು ಇದರೊಂದಿಗಿದೆ. ಬೇಕಾದರೆ ನಿಮ್ಮ ವಕೀಲರಿಗೂ ತೋರಿಸಿ, ಒಪ್ಪಿಗೆಯಾಗದ ಸಾಲುಗಳಿಗೆ ಪೆನ್ನಿನಲ್ಲೇ ಗುರುತು ಹಾಕಿ ಕಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಸಂಸ್ಥೆಯ ಪಾಲುದಾರರು ಮತ್ತು ಸಿಬ್ಬಂದಿ