‘ಅನ್‌ಸಪೋರ್ಟೆಡ್’ ಆಟಕ್ಕೆ ವಿಂಡೋಸ್ ಹಾಕಿಸಬೇಕಿಲ್ಲ

ಮಾನ್ಯರೇ,

ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಪಿಸಿಗಳು, ಅದರಲ್ಲೂ ವಾಲ್ವ್ ಕಂಪನಿಯ ಸ್ಟೀಮ್ ಡೆಕ್, ದಾವಣಗೆರೆಯ ಕಾಲೇಜು ಹುಡುಗರ ಕೈಗೂ ಬಂದಿವೆ. ಅದರ ಬೆನ್ನಿಗೇ ಒಂದು ದಂಧೆಯೂ ಶುರುವಾಗಿದೆ. ಬೇಕಾದ ಆಟದ ಮೇಲೆ ‘ಅನ್‌ಸಪೋರ್ಟೆಡ್’ (ಡೆಕ್‌ನಲ್ಲಿ ಸರಿಯಾಗಿ ಓಡದು ಎಂಬ ವಾಲ್ವ್‌ನ ಗುರುತು) ಎಂದು ಕಂಡರೆ ಸಾಕು, ಡೆಕ್‌ನೊಂದಿಗೇ ಬರುವ, ಲಿನಕ್ಸ್ ಆಧರಿಸಿದ ಸ್ಟೀಮ್‌ಓಎಸ್ ಅಳಿಸಿ ವಿಂಡೋಸ್ ಹಾಕಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಹೆಚ್ಚಿನ ಆಟಗಳಿಗೆ ಇದು ಬೇಕಾಗಿಯೇ ಇಲ್ಲ. ವಿಂಡೋಸ್ ಕೂತ ಮೇಲೆ ಪವರ್ ಗುಂಡಿ ಒತ್ತಿ ಆಟವನ್ನು ಅರ್ಧಕ್ಕೆ ಮಲಗಿಸಿ, ಮತ್ತೆ ಒತ್ತಿ ಅಲ್ಲಿಂದಲೇ ಮುಂದುವರಿಸುವ ಅನುಕೂಲವನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ವಾಟ್ ಮತ್ತು ಫ್ರೇಮ್ ಹಿಡಿತದಲ್ಲಿಡುವ ಮೆನುವೂ ಹೋಗುತ್ತದೆ.

ಆಟ ಯಾಕೆ ಓಡುತ್ತಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಆನ್‌ಲೈನ್ ಆಟದಲ್ಲಿ ಮೋಸ ತಡೆಯುವ ಆ್ಯಂಟಿ-ಚೀಟ್ ತಂತ್ರಾಂಶ ಅಡ್ಡ ಬಂದಿದ್ದರೆ ನಮ್ಮ ಕೈಯಲ್ಲಿ ಏನೂ ಇಲ್ಲ. ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎರಡೂ ಲಿನಕ್ಸ್‌ನಲ್ಲಿ ನಡೆಯಬಲ್ಲವು, ಆದರೆ ಅನುಮತಿ ಕೊಡಬೇಕಾದವರು ಆಟ ತಯಾರಿಸಿದವರು. ವ್ಯಾಲರಂಟ್ ಆಟದ ಆ್ಯಂಟಿ-ಚೀಟ್ ಆದ ವ್ಯಾನ್‌ಗಾರ್ಡ್ ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೇ ಕೂರುವಂಥದ್ದು, ಡೆಕ್‌ನಲ್ಲಿ ಆ ಆಟವನ್ನು ಮರೆತುಬಿಡುವುದೇ ಒಳ್ಳೆಯದು. 2024ರ ಸೆಪ್ಟೆಂಬರ್‌ನಲ್ಲಿ ಜಿಟಿಎ 5ಕ್ಕೆ ಬ್ಯಾಟಲ್‌ಐ ಸೇರಿಸಿದ ಮೇಲೆ ಡೆಕ್‌ನಲ್ಲಿ ಅದರ ಆನ್‌ಲೈನ್ ಭಾಗ ನಿಂತಿತು. ಒಬ್ಬರೇ ಆಡುವ ಕಥಾಭಾಗಕ್ಕೆ ಏನೂ ಆಗಲಿಲ್ಲ. ಇಂಥ ತಡೆಯನ್ನು ದಾಟಿಸುತ್ತೇವೆ ಎಂದು ಯಾರಾದರೂ ಫೈಲ್ ಕೊಟ್ಟರೆ ಮುಟ್ಟಬೇಡಿ, ಖಾತೆಯೇ ಬ್ಯಾನ್ ಆಗಬಹುದು.

ಉಳಿದ ಕಾರಣಗಳಿಗೆ ಮದ್ದಿದೆ. ಸ್ಟೀಮ್‌ಓಎಸ್‌ನಲ್ಲಿ ವಿಂಡೋಸ್ ಆಟಗಳನ್ನು ಓಡಿಸುವುದು ಪ್ರೋಟಾನ್ ಎಂಬ ತಂತ್ರಾಂಶ. ವಿಂಡೋಸ್ ಆಟಗಳು ಚಿತ್ರ ಬಿಡಿಸಲು ಕೊಡುವ ಡೈರೆಕ್ಟ್‌ಎಕ್ಸ್ 11ರವರೆಗಿನ ಆದೇಶಗಳನ್ನು ಅದರೊಳಗಿನ ಡಿಎಕ್ಸ್‌ವಿಕೆ, 12ರದನ್ನು ವಿಕೆಡಿ3ಡಿ, ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್‌ಗೆ ತಿರುಗಿಸಿ ಕೊಡುತ್ತವೆ. ಆಟದ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ ಒಂದು ಗುರುತು ಹಾಕಿದರೆ ಪ್ರೋಟಾನ್ ಆವೃತ್ತಿಯನ್ನು ನಾವೇ ಆರಿಸಬಹುದು. ಮೊದಲು ಸಾಮಾನ್ಯ ಆವೃತ್ತಿ, ಆಮೇಲೆ ಎಕ್ಸ್‌ಪೆರಿಮೆಂಟಲ್, ಕೊನೆಗೆ ಜಿಇ-ಪ್ರೋಟಾನ್. ಈ ಕೊನೆಯದು ವಾಲ್ವ್‌ನದಲ್ಲ. ಡೆಕ್‌ನ ಡೆಸ್ಕ್‌ಟಾಪ್ ಮೋಡ್‌ನಲ್ಲಿರುವ ಡಿಸ್ಕವರ್ ಎಂಬ ತಂತ್ರಾಂಶದಂಗಡಿಯಿಂದ ಪ್ರೋಟಾನ್‌ಅಪ್-ಕ್ಯೂಟಿ ಹಾಕಿಕೊಂಡು ಅದರ ಮೂಲಕ ಇಳಿಸಿಕೊಂಡು, ಸ್ಟೀಮ್ (ವಾಲ್ವ್‌ನ ಆಟದಂಗಡಿಯ ತಂತ್ರಾಂಶ) ಮುಚ್ಚಿ ತೆರೆದರೆ ಪಟ್ಟಿಯಲ್ಲಿ ಕಾಣುತ್ತದೆ. ಆಟ ಓಡಿಯೂ ನಡುವಿನ ವಿಡಿಯೊ ಬರುವಾಗ ಬಣ್ಣದ ಪಟ್ಟಿಗಳು ಮಾತ್ರ ಕಂಡರೆ ವಿಡಿಯೊ ಬಿಡಿಸಿ ತೋರಿಸುವ ಕೋಡೆಕ್‌ನ ಕೊರತೆ ಎಂದರ್ಥ, ಅದಕ್ಕೆ ಜಿಇ ಒಳ್ಳೆಯ ಔಷಧ. ಹೊಸ ಆವೃತ್ತಿಯಿಂದ ಹಳೆಯದಕ್ಕೆ ಮರಳಿದಾಗ ಚೆನ್ನಾಗಿದ್ದ ಆಟವೂ ಕೆಡುವುದುಂಟು. ಆಗ ಸೇವ್ ಫೈಲ್ ಎತ್ತಿಟ್ಟುಕೊಂಡು ಆ ಆಟದ ಕಂಪ್ಯಾಟ್‌ಡೇಟಾ ಫೋಲ್ಡರ್ (ಪ್ರೋಟಾನ್ ಆ ಆಟಕ್ಕೆಂದು ಕಟ್ಟಿದ ನಕಲಿ ವಿಂಡೋಸ್) ಅಳಿಸಿ, ಪ್ರೋಟಾನ್ ಹೊಸದಾಗಿ ಕಟ್ಟಿಕೊಳ್ಳುತ್ತದೆ.

ಸ್ಟೀಮ್‌ನ ಹೊರಗೆ ಕೊಂಡ ಆಟಗಳನ್ನು ಹಾಕುವಾಗಲೇ ಹೆಚ್ಚು ಜನ ಎಡವುವುದು. ಡೆಸ್ಕ್‌ಟಾಪ್ ಮೋಡ್‌ನಲ್ಲಿ ಸ್ಟೀಮ್ ತೆರೆದು, ‘ಆ್ಯಡ್ ಎ ನಾನ್-ಸ್ಟೀಮ್ ಗೇಮ್’ ಮೂಲಕ ಸೆಟಪ್ ಫೈಲನ್ನು ಸೇರಿಸಿ, ಪ್ರೋಟಾನ್ ಆರಿಸಿ ಓಡಿಸಿ. ಇನ್‌ಸ್ಟಾಲ್ ಮುಗಿದ ಮೇಲೆ ಹಲವರು ಆಟದ ಎಕ್ಸಿ (.exe) ಫೈಲನ್ನು ಹುಡುಕಿ ಅದನ್ನು ಎರಡನೇ ಶಾರ್ಟ್‌ಕಟ್ ಆಗಿ ಸೇರಿಸುತ್ತಾರೆ, ಆಗ ಆಟ ತೆರೆಯುವುದೇ ಇಲ್ಲ. ಪ್ರತಿ ಶಾರ್ಟ್‌ಕಟ್‌ಗೂ ಪ್ರೋಟಾನ್ ಬೇರೆಯದೇ ಒಂದು ನಕಲಿ ಸಿ ಡ್ರೈವ್ ಕೊಡುತ್ತದೆ. ಸೆಟಪ್ ಬರೆದ ರಿಜಿಸ್ಟ್ರಿ (ವಿಂಡೋಸ್‌ನ ಸೆಟ್ಟಿಂಗ್ ಕಡತ), ಹಾಕಿದ ರನ್‌ಟೈಮ್ (ಆಟಕ್ಕೆ ಬೇಕಾದ ಸಹಾಯಕ ಫೈಲ್‌ಗಳು) ಎಲ್ಲ ಮೊದಲನೆಯದರಲ್ಲೇ ಉಳಿದವು, ಎರಡನೆಯದು ಬರೀ ಖಾಲಿ. ಹಾಗಾಗಿ ಅದೇ ಮೊದಲ ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಜಾಗದಲ್ಲಿ ಆಟದ ಎಕ್ಸಿ ಫೈಲಿನ ದಾರಿ, ಸ್ಟಾರ್ಟ್ ಇನ್ ಜಾಗದಲ್ಲಿ ಅದರ ಫೋಲ್ಡರ್ ದಾರಿ ಬರೆಯಬೇಕು. ಹೆಸರಿನಲ್ಲಿ ಖಾಲಿ ಜಾಗ ಇರುವುದರಿಂದ ಎರಡನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಆ ಫೈಲ್ ಇರುವುದು ಸ್ಟೀಮ್‌ಆ್ಯಪ್ಸ್, ಕಂಪ್ಯಾಟ್‌ಡೇಟಾ, ಒಂದು ಉದ್ದನೆಯ ಸಂಖ್ಯೆ, ಪಿಎಫ್ಎಕ್ಸ್, ಡ್ರೈವ್-ಸಿ ಎಂಬ ಸರಣಿಯ ಒಳಗೆ. ಅದಕ್ಕೆ ಹೋಗುವ ದಾರಿಯಲ್ಲಿ ಅಡಗಿದ ಫೋಲ್ಡರ್ ಇರುವುದರಿಂದ ಫೈಲ್ ಮ್ಯಾನೇಜರ್‌ನಲ್ಲಿ ಅಡಗಿದ ಫೈಲ್ ತೋರಿಸುವ ಆಯ್ಕೆ ಹಾಕಿಕೊಳ್ಳಿ. ಕೀಬೋರ್ಡ್ ಇಲ್ಲದವರು ಸ್ಟೀಮ್ ಗುಂಡಿಯ ಜೊತೆ ಎಕ್ಸ್ ಒತ್ತಿದರೆ ಪರದೆಯ ಮೇಲೇ ಕೀಬೋರ್ಡ್ ಬರುತ್ತದೆ.

ವಿಷುಯಲ್ ಸಿ++ ರನ್‌ಟೈಮ್ ಇಲ್ಲ ಎಂದು ಆಟ ಹೇಳಿದರೆ ಡಿಸ್ಕವರ್‌ನಲ್ಲೇ ಸಿಗುವ ಪ್ರೋಟಾನ್‌ಟ್ರಿಕ್ಸ್ ಮೂಲಕ ಆ ಆಟದ ಪ್ರಿಫಿಕ್ಸ್‌ಗೇ, ಅಂದರೆ ಅದರ ನಕಲಿ ಸಿ ಡ್ರೈವ್‌ಗೇ, ಹಾಕಬಹುದು. ಸ್ಟೀಮ್‌ಓಎಸ್‌ನ ಮೂಲ ಭಾಗ ಓದಲಷ್ಟೇ ತೆರೆದಿರುತ್ತದೆ. ಅದನ್ನು ಬಿಚ್ಚಿ ಟರ್ಮಿನಲ್‌ನಿಂದ ತಂತ್ರಾಂಶ ತುಂಬಿದರೆ ಮುಂದಿನ ಅಪ್‌ಡೇಟ್ ಅದನ್ನು ಒರೆಸಿಹಾಕುತ್ತದೆ. ಜಾಗದ ಲೆಕ್ಕವೂ ಇರಲಿ: 60 ಜಿಬಿ ಆಟಕ್ಕೆ 60 ಜಿಬಿ ಖಾಲಿ ಇದ್ದರೆ ಸಾಲದು, ಸೆಟಪ್ ಫೈಲ್‌ಗಳೂ ಒಳಗೇ ಕೂತಿರುತ್ತವೆ. 64 ಜಿಬಿ ಮಾದರಿಯವರು ಅವನ್ನು ಮೆಮೊರಿ ಕಾರ್ಡಿನಲ್ಲಿಟ್ಟು ಓಡಿಸಲಿ. ಶಾರ್ಟ್‌ಕಟ್ ತೆಗೆದ ಮಾತ್ರಕ್ಕೆ ಆ ನಕಲಿ ಸಿ ಡ್ರೈವ್ ಅಳಿಯುವುದಿಲ್ಲ.

ಇನ್ನು ವೇಗ. ಸ್ಟೀಮ್ ಅಂಗಡಿಯ ಆಟಗಳಿಗೆ ಶೇಡರ್‌ಗಳು (ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂಗಳು) ಸಿದ್ಧವಾಗಿ ಬರುತ್ತವೆ, ಹೊರಗಿನವಕ್ಕೆ ಬರುವುದಿಲ್ಲ. ಅದಕ್ಕೇ ಹೊಸ ಜಾಗ, ಹೊಸ ಸ್ಫೋಟ ಕಂಡಾಗಲೆಲ್ಲ ಶುರುವಿನಲ್ಲಿ ಆಟ ತಡವರಿಸುತ್ತದೆ. ಆ ಹೊತ್ತಿನಲ್ಲಿ ಸೆಟ್ಟಿಂಗ್ ತಿರುವಾಡುತ್ತ ಕೂರಬೇಡಿ, ಸ್ವಲ್ಪ ಆಡಿ ಆಮೇಲೆ ಅಳೆಯಿರಿ. ಪರದೆ 1280x800. ಭಾರವಾದ ಆಟವನ್ನು 960x600ಕ್ಕೆ ಇಳಿಸಿ ಮೂರು ಚುಕ್ಕೆಯ ಗುಂಡಿಯ ಮೆನುವಿನಲ್ಲಿ, ಚಿಕ್ಕ ಚಿತ್ರವನ್ನು ಹಿಗ್ಗಿಸಿ ತೋರಿಸುವ ಎಫ್ಎಸ್ಆರ್ ಹಾಕಿದರೆ ಚಿತ್ರಿಸಬೇಕಾದ ಪಿಕ್ಸೆಲ್‌ಗಳು ಶೇ 56ಕ್ಕೆ ಇಳಿಯುತ್ತವೆ. ಸೆಕೆಂಡಿಗೆ 60 ಫ್ರೇಮ್ ಹಿಡಿಯಲಾಗದ ಆಟವನ್ನು 30ಕ್ಕೆ ಕಟ್ಟಿಹಾಕುವ ಬದಲು 40ಕ್ಕೆ ನಿಲ್ಲಿಸಿ, ಎಲ್‌ಸಿಡಿ ಮಾದರಿಯಲ್ಲಿ ರಿಫ್ರೆಶ್ ದರವನ್ನೂ (ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಎಂಬುದು) 40 ಹರ್ಟ್ಸ್ ಮಾಡಿ. 30ರಲ್ಲಿ ಒಂದು ಫ್ರೇಮ್‌ಗೆ 33.3 ಮಿಲಿಸೆಕೆಂಡ್, 60ರಲ್ಲಿ 16.7. ಇವೆರಡರ ಸರಿಯಾದ ನಡು 25, ಅಂದರೆ 40 ಫ್ರೇಮ್. ಆ ಹತ್ತು ಫ್ರೇಮ್‌ಗಳ ಗುಣ ಕಣ್ಣಿಗೆ ಚೆನ್ನಾಗಿಯೇ ತಿಳಿಯುತ್ತದೆ. ಇದೆಲ್ಲ ಮಾಡುವ ಮುನ್ನ ‘ಪರ್-ಗೇಮ್ ಪ್ರೊಫೈಲ್’ ಹಾಕಿಕೊಳ್ಳಿ, ಇಲ್ಲದಿದ್ದರೆ ಎಲ್ಲ ಆಟಗಳಿಗೂ ಅದೇ ಅಂಟಿಕೊಳ್ಳುತ್ತದೆ.

ಡೆಕ್‌ನ 16 ಜಿಬಿ ಮೆಮೊರಿಯನ್ನು ಸಿಪಿಯು ಮತ್ತು ಚಿತ್ರ ಬಿಡಿಸುವ ಜಿಪಿಯು ಹಂಚಿಕೊಳ್ಳುತ್ತವೆ. ಯಂತ್ರದ ಮೂಲ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ಜಿಪಿಯುಗೆ ಮೀಸಲಿಟ್ಟದ್ದು 1 ಜಿಬಿ ಮಾತ್ರ. ಕೆಲವು ಆಟಗಳು ಅದನ್ನೇ ನೋಡಿ ವಿಡಿಯೊ ಮೆಮೊರಿ ಸಾಲದು ಎಂದು ತಕರಾರು ತೆಗೆಯುತ್ತವೆ. ಪೂರ್ತಿ ಆಫ್ ಮಾಡಿ, ವಾಲ್ಯೂಮ್ ಹೆಚ್ಚಿಸುವ ಗುಂಡಿ ಹಿಡಿದು ಪವರ್ ಒತ್ತಿ, ಸೆಟಪ್ ಯುಟಿಲಿಟಿಯ ಅಡ್ವಾನ್ಸ್‌ಡ್‌ನಲ್ಲಿ ಯುಎಂಎ ಫ್ರೇಮ್ ಬಫರ್ (ಈ ಮೀಸಲಿನ ಹೆಸರು) ಅನ್ನು 4 ಜಿಬಿ ಮಾಡಬಹುದು. ಆದರೆ ಆಟಕ್ಕೆ ಉಳಿಯುವುದು 12 ಜಿಬಿ ಎಂಬುದು ನೆನಪಿರಲಿ. ರ‍್ಯಾಮ್ ಹಸಿವಿನ ಆಟಕ್ಕೆ ಇದು ಉಲ್ಟಾ ಹೊಡೆಯುತ್ತದೆ.

ನಮ್ಮೂರಿನ ಬೇಸಿಗೆ ಬೇರೆ ಮಾತು. ಡೆಕ್‌ಗೆ ವಾಲ್ವ್ ಹೇಳಿರುವ ಸುತ್ತಲಿನ ಉಷ್ಣಾಂಶ 0ಯಿಂದ 35 ಡಿಗ್ರಿ. ದಾವಣಗೆರೆ, ಚಿತ್ರದುರ್ಗದ ಏಪ್ರಿಲ್ ಮಧ್ಯಾಹ್ನ ಆ ಗೆರೆ ದಾಟುವುದು ಮಾಮೂಲು. ಆಗ ಯಂತ್ರ ತಾನಾಗಿ ವೇಗ ತಗ್ಗಿಸಿಕೊಳ್ಳುವುದುಂಟು, ಜನ ಆಟವನ್ನು ಬಯ್ಯುತ್ತಾರೆ. ಟಿಡಿಪಿ (ಚಿಪ್ ಬಳಸುವ ವಿದ್ಯುತ್) ಮಿತಿಯನ್ನು 15 ವಾಟ್‌ನಿಂದ ಒಂದೊಂದಾಗಿ ಇಳಿಸುತ್ತ, ಫ್ರೇಮ್ ಬೀಳಲು ಶುರುವಾದ ಕಡೆ ಒಂದು ಮೇಲೆ ನಿಲ್ಲಿಸಿ. ಗಾಳಿ ಹಿಂಬದಿಯಿಂದ ಒಳಹೋಗಿ ಮೇಲಿನಿಂದ ಹೊರಬರುತ್ತದೆ, ಹಾಸಿಗೆಯ ಮೇಲಿಟ್ಟು ಆಡಬಾರದು. ಚಾರ್ಜರ್ 45 ವಾಟ್‌ನ ಯುಎಸ್‌ಬಿ ಪವರ್ ಡೆಲಿವರಿಯದೇ ಇರಲಿ. ಮೊಬೈಲ್ ಕಂಪನಿಗಳ ಸ್ವಂತ ಪದ್ಧತಿಯ ಚಾರ್ಜರ್ ಮೇಲೆ ಎಷ್ಟೇ ವಾಟ್ ಬರೆದಿದ್ದರೂ ಡೆಕ್‌ಗೆ ಪೂರ್ತಿ ಸಿಗುವ ಭರವಸೆ ಇಲ್ಲ.

ಈಗಾಗಲೇ ವಿಂಡೋಸ್ ಹಾಕಿಸಿಕೊಂಡವರು ವಾಲ್ವ್ ಉಚಿತವಾಗಿ ಕೊಡುವ ರಿಕವರಿ ಇಮೇಜನ್ನು 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್‌ಗೆ ಬರೆದು, ವಾಲ್ಯೂಮ್ ತಗ್ಗಿಸುವ ಗುಂಡಿ ಹಿಡಿದು ಪವರ್ ಒತ್ತಿದರೆ ಸ್ಟೀಮ್‌ಓಎಸ್ ಮರಳಿ ಹಾಕಬಹುದು. ಒಳಗಿನ ಡೇಟಾ ಪೂರ್ತಿ ಹೋಗುತ್ತದೆ, ಮೊದಲೇ ನಕಲು ಮಾಡಿಕೊಳ್ಳಿ. ಅನ್‌ಸಪೋರ್ಟೆಡ್ ಆಟ ಕೊಳ್ಳುವವರು ಸ್ಟೀಮ್‌ನಲ್ಲೇ ಕೊಂಡರೆ ಒಂದು ಲಾಭವಿದೆ: ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆಟ ತೆರೆದಿಟ್ಟು ಸೆಟ್ಟಿಂಗ್ ಬದಲಿಸುವ ಹೊತ್ತೂ ಆ 2 ಗಂಟೆಯಲ್ಲೇ ಸೇರುತ್ತದೆ. ಪ್ರೋಟಾನ್ ಬದಲಿಸುವುದಿದ್ದರೆ ಆಟ ಮುಚ್ಚಿ ಬದಲಿಸಿ.

– ಒಬ್ಬ ಓದುಗ, ಪಿ.ಜೆ. ಬಡಾವಣೆ, ದಾವಣಗೆರೆ