ಡೇರಿ ಯಂತ್ರದ ಒಳಗಿನ ಭಾಷೆ ಬದಲಾಗುತ್ತಿದೆ: ಸಂಘಗಳಿಗೆ ಪತ್ರ

ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳಿಗೆ, ಹಾಲು ಪರೀಕ್ಷಕರಿಗೆ ನಮಸ್ಕಾರ.

ನಿಮ್ಮ ಡೇರಿಯಲ್ಲಿ ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಓದಿ ಚೀಟಿ ಕೊಡುವ ನಮ್ಮ ಯಂತ್ರದ ಪ್ರೋಗ್ರಾಂ ಇಲ್ಲಿವರೆಗೆ ಪೂರ್ತಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿತ್ತು. ಬರುವ ತಿಂಗಳ ಅಪ್‌ಡೇಟ್‌ನಲ್ಲಿ ಅದರ ಒಂದು ಭಾಗ ರಸ್ಟ್ ಎಂಬ ಭಾಷೆಗೆ ಹೋಗುತ್ತದೆ. ಪರದೆ, ಬಟನ್, ಚೀಟಿ ಎಲ್ಲ ಈಗಿರುವ ಹಾಗೆಯೇ ಇರುತ್ತವೆ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆದರೂ ರೈತರ ಬಟವಾಡೆ ಲೆಕ್ಕ ಈ ಡಬ್ಬಿಯಲ್ಲಿದೆ, ಅಲ್ವಾ? ಒಳಗೆ ಏನು ಮಾಡುತ್ತಿದ್ದೇವೆ ಅಂತ ನಿಮಗೆ ಗೊತ್ತಿರಬೇಕು.

ಹೋದ ವರ್ಷ ಚೀಟಿಯಲ್ಲಿ ಹೆಸರು ಕನ್ನಡದಲ್ಲಿ ಬರುವಂತೆ ಮಾಡಿದೆವು. ಆಗ ಕೆಲವು ಸಂಘಗಳಲ್ಲಿ 4.1 ಇದ್ದ ಫ್ಯಾಟ್ 17.4 ಅಂತ ಬಂತು. ತಪ್ಪು ನಮ್ಮದೇ. ಯಂತ್ರದ ಮೆಮೊರಿಯಲ್ಲಿ ಪ್ರತಿ ಹೆಸರಿಗೆ 32 ಬೈಟ್ ಜಾಗ ಇಟ್ಟಿದ್ದೆವು; ಬೈಟ್ ಅಂದರೆ ಆ ಜಾಗದ ಅಳತೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಅದರ ಗುಡಿಸಿಗೋ ಕೊಂಬಿಗೋ ಇನ್ನೂ ಮೂರು, ಒತ್ತು ಕೂಡಿಸುವ ಗುರುತಿಗೂ ಮೂರು. ಚಿಕ್ಕತಾಯಮ್ಮ ಅಂತ ಬರೆದರೆ 33 ಬೈಟ್, ಹೆಸರು ಮುಗಿಯಿತು ಎನ್ನುವ ಗುರುತು ಸೇರಿ 34. ಜಾಸ್ತಿಯಾದ ಎರಡು ಬೈಟ್ ಪಕ್ಕದಲ್ಲಿದ್ದ ಫ್ಯಾಟ್ ಅಂಕಿಯನ್ನು ಅಳಿಸಿ ತಾವು ಕೂತವು. ಸಿ ಭಾಷೆ ಅದನ್ನು ತಡೆಯುವುದಿಲ್ಲ. ಬರೆಯುವವರೇ ಅಳತೆ ನೋಡಿಕೊಳ್ಳಬೇಕು, ನಾವು ನೋಡಲಿಲ್ಲ. ರಸ್ಟ್ ಹಾಗೆ ಬಿಡುವುದಿಲ್ಲ. ಜಾಗ ಮೀರಿದರೆ ಅಲ್ಲೇ ನಿಲ್ಲಿಸಿ ದೋಷ ತೋರಿಸುತ್ತದೆ. ಪಕ್ಕದ ಅಂಕಿ ಹಾಗೇ ಉಳಿಯುತ್ತದೆ.

ಸಿ ಭಾಷೆಯ ಮೇಲೆ ನಮಗೆ ತುಂಬಾ ಗೌರವವಿದೆ. ನಮಗೆ ಅನ್ನ ಕೊಟ್ಟ ಭಾಷೆ ಅದು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಅದನ್ನು ರೂಪಿಸಿದರು. 1973ರಲ್ಲಿ ಕಂಪ್ಯೂಟರನ್ನೇ ನಡೆಸುವ ವ್ಯವಸ್ಥೆಯಾದ ಯುನಿಕ್ಸ್‌ನ ಕರ್ನಲ್, ಅಂದರೆ ಅದರ ತಿರುಳನ್ನು, ಸಿಯಲ್ಲಿ ಮತ್ತೆ ಬರೆದರು. ಅಲ್ಲಿಯವರೆಗೆ ಅದು ಅಸೆಂಬ್ಲಿ ಭಾಷೆಯಲ್ಲಿತ್ತು, ಬೇರೆ ಯಂತ್ರ ಬಂದರೆ ಬೇರೆ ಅಸೆಂಬ್ಲಿ ಬೇಕು. ಸಿಯಲ್ಲಿ ಒಮ್ಮೆ ಬರೆದದ್ದನ್ನು ಸ್ವಲ್ಪ ತಿದ್ದಿ ಹೊಸ ಯಂತ್ರಕ್ಕೂ ಒಯ್ಯಬಹುದು. ಅದಕ್ಕೇ ಅರ್ಧ ಶತಮಾನ ಕಳೆದರೂ ಸಿ ನಿಂತಿದೆ. ಯುನಿಕ್ಸ್ ಥರದ್ದೇ ಆದ ಲಿನಕ್ಸ್ ಕರ್ನಲ್‌ನ ಬಹುಪಾಲು ಇವತ್ತಿಗೂ ಸಿ.

ಆದರೆ ನಮಗಾದ ಅನುಭವ ದೊಡ್ಡವರಿಗೂ ಆಗಿದೆ. ತನ್ನ ಭದ್ರತಾ ದೋಷಗಳಲ್ಲಿ ಸುಮಾರು 70% ಇಂಥ ಮೆಮೊರಿ ತಪ್ಪುಗಳೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ರಸ್ಟ್‌ನ ಮೊದಲ ಸ್ಥಿರ ಆವೃತ್ತಿ ಬಂದದ್ದು 2015ರಲ್ಲಿ. 2022ರ ಡಿಸೆಂಬರ್‌ನಲ್ಲಿ ಲಿನಕ್ಸ್ 6.1 ಅದಕ್ಕೆ ಬಾಗಿಲು ತೆರೆಯಿತು. ನಮಗೆ ದಾರಿ ತೋರಿಸಿದ್ದು ಆಂಡ್ರಾಯ್ಡ್. ಅಲ್ಲಿ ಹಳೆಯ ಕೋಡ್ ಅನ್ನು ಕಿತ್ತು ಹಾಕಲಿಲ್ಲ, ಹೊಸದನ್ನು ಹೆಚ್ಚಾಗಿ ರಸ್ಟ್‌ನಂಥ ಸುರಕ್ಷಿತ ಭಾಷೆಗಳಲ್ಲಿ ಬರೆಯುತ್ತಾ ಹೋದರು ಅಷ್ಟೇ. ಅದರ ಭದ್ರತಾ ದೋಷಗಳಲ್ಲಿ ಮೆಮೊರಿ ತಪ್ಪುಗಳ ಪಾಲು 2019ರಲ್ಲಿ 76% ಇದ್ದದ್ದು 2024ರಲ್ಲಿ 24%ಕ್ಕೆ ಇಳಿಯಿತು.

ನಾವೂ ಹಾಗೇ ಮಾಡುತ್ತೇವೆ. ತೂಕ ಓದುವ ಭಾಗ ವರ್ಷಗಟ್ಟಲೆ ಸರಿಯಾಗಿ ನಡೆದಿದೆ, ಅದನ್ನು ಸುಮ್ನೆ ಮುಟ್ಟುವುದಿಲ್ಲ. ಸದಸ್ಯರ ಪಟ್ಟಿ, ಚೀಟಿ, ಪೆನ್ ಡ್ರೈವ್‌ನಿಂದ ಬರುವ ದರಪಟ್ಟಿ, ಇವು ಮಾತ್ರ ರಸ್ಟ್‌ಗೆ. ಹಳೆಯ ಸಣ್ಣ ಚಿಪ್ ಇರುವ ಡಬ್ಬಿಗಳಲ್ಲಿ ಪೂರ್ತಿ ಸಿ ಇರುತ್ತದೆ. ಅವುಗಳ ರಿಪೇರಿ ನಿಲ್ಲಿಸುವುದಿಲ್ಲ.

ನಮ್ಮ ಹುಡುಗರು ಸಂಜೆ ಹಾಲು ಮುಗಿದ ಮೇಲೆ ಬರುತ್ತಾರೆ. ಮೊದಲ ಮೂರು ದಿನ ದಯವಿಟ್ಟು ಪುಸ್ತಕದಲ್ಲೂ ಬರೆದಿಡಿ. ಒಂದು ಅಂಕಿ ಹೊಂದದಿದ್ದರೂ ಫೋನ್ ಮಾಡಿ, ಹಳೆಯ ಪ್ರೋಗ್ರಾಂ ಡಬ್ಬಿಯಲ್ಲೇ ಇರುತ್ತದೆ, ಅದಕ್ಕೆ ವಾಪಸ್ ಹಾಕಿಕೊಡುತ್ತೇವೆ.

ಇನ್ನೊಂದು ಕೆಲಸ ನಿಮ್ಮಿಂದ ಆಗಬೇಕು. ಹೋದ ವರ್ಷ ಫ್ಯಾಟ್ ತಪ್ಪು ಬಂದಾಗ ತುರ್ತಿಗೆ ಉದ್ದದ ಹೆಸರುಗಳನ್ನೆಲ್ಲ ಕತ್ತರಿಸಿದ್ದೆವು. ಅಪ್‌ಡೇಟ್ ಆದ ದಿನವೇ ಪಟ್ಟಿ ತೆಗೆದು ಅವರವರ ಹೆಸರನ್ನು ಪೂರ್ತಿ ಬರೆಯಿರಿ. ಹೊಸ ಪ್ರೋಗ್ರಾಂನಲ್ಲಿ ಉದ್ದದ ಹೆಸರಿಗೂ ಜಾಗ ಇದೆ.